ಚೆಕ್ ಅಂದ್ರೆ ಎಷ್ಟು ಅರ್ಥ? ಎಲ್ಲಾ ಶುರುವಾಗಿದ್ದು ಒಬ್ಬ ರಾಜನಿಂದ

ಬಸ್ಸಿಗೆ ಚೆಕಿಂಗ್‌ನವರು ಹತ್ತುತ್ತಾರೆ. ಜಿಲ್ಲೆಯ ಗಡಿಯಲ್ಲಿ ಚೆಕ್‌ಪೋಸ್ಟ್ ಇರುತ್ತದೆ. ಹಳ್ಳಕ್ಕೆ ಅಡ್ಡಲಾಗಿ ಚೆಕ್ ಡ್ಯಾಂ ಕಟ್ಟುತ್ತಾರೆ. ಬಟ್ಟೆ ಅಂಗಡಿಯಲ್ಲಿ "ಪ್ಲೇನ್ ಬೇಡ, ಚೆಕ್ಸ್ ತೋರಿಸಿ" ಅನ್ನುತ್ತೇವೆ. ಸಾಲ ಕೊಡುವವನು ಭದ್ರತೆಗೆ ಅಂತ ಖಾಲಿ ಚೆಕ್ಕಿಗೆ ಸೈನ್ ಹಾಕಿಸಿಕೊಳ್ಳುತ್ತಾನೆ, ಅದು ಬೌನ್ಸ್ ಆಗಿ ಕೋರ್ಟ್ ಮೆಟ್ಟಿಲು ಹತ್ತುತ್ತದೆ. ಲಾಡ್ಜಿನಲ್ಲಿ ಚೆಕ್ ಇನ್ ಆಗುತ್ತೇವೆ. ಐದು ನಿಮಿಷಕ್ಕೊಮ್ಮೆ ಸುಮ್ನೆ ಮೊಬೈಲ್ ತೆಗೆದು ಮೆಸೇಜ್ ಚೆಕ್ ಮಾಡುತ್ತೇವೆ. ಚೆಸ್ ಆಡುವಾಗ ಎದುರಾಳಿಯ ರಾಜನನ್ನು ಸಿಕ್ಕಿಸಿ "ಚೆಕ್!" ಅನ್ನುತ್ತೇವೆ.

ಇಷ್ಟೊಂದು ಅರ್ಥ ಇದ್ದಾಗ, ಇವೆಲ್ಲ ಬೇರೆ ಬೇರೆ ಪದಗಳಿರಬೇಕು, ಉಚ್ಚಾರ ಮಾತ್ರ ಒಂದೇ ಅಂತ ಅನ್ನಿಸೋದು ಸಹಜ. ಬ್ಯಾಂಕಿನ ಚೆಕ್ಕಿಗಂತೂ ಇಂಗ್ಲಿಷಿನಲ್ಲಿ ಸ್ಪೆಲಿಂಗೇ ಬೇರೆ. ಆದರೆ ಇವೆಲ್ಲವೂ ಒಂದೇ ಪದ. ಎಲ್ಲದಕ್ಕೂ ಮೂಲ ಆ ಪಟ್ಟಿಯ ಕೊನೆಯದು, ಅಂದರೆ ಚದುರಂಗದ ಮಣೆಯ ಮುಂದೆ ಕೂತು ಹಾಕುವ ಕೂಗು. ಅಲ್ಲಿಂದ ಎರಡು ಕವಲು ಒಡೆದು, ಒಂದು ಪೊಲೀಸ್ ತಪಾಸಣೆಯ ಕಡೆ, ಇನ್ನೊಂದು ರಾಜನ ಖಜಾನೆಯ ಕಡೆ ಹೋಗಿ, ಐದಾರು ನೂರು ವರ್ಷ ಆದ ಮೇಲೆ ಬ್ಯಾಂಕಿನ ಒಂದು ಹಾಳೆಯ ಮೇಲೆ ಮತ್ತೆ ಸೇರಿಕೊಂಡವು. ಆ ದಾರಿಯನ್ನು ಒಂದೊಂದೇ ಹೆಜ್ಜೆ ನೋಡೋಣ.

ಚದುರಂಗ ಹುಟ್ಟಿದ್ದು ನಮ್ಮ ಕಡೆ. ಸೇನೆಗೆ ಆನೆ, ಕುದುರೆ, ರಥ, ಕಾಲಾಳು ಅಂತ ನಾಲ್ಕು ಅಂಗ, ಅದಕ್ಕೇ ಚತುರಂಗ. ಏಳನೇ ಶತಮಾನದಲ್ಲಿ ಬಾಣಭಟ್ಟ ಬರೆದ ಹರ್ಷಚರಿತದಲ್ಲಿ ಆಟದ ಸುಳಿವು ಸಿಗುತ್ತದೆ. ಆಟ ಪರ್ಷಿಯಾಕ್ಕೆ ಹೋಗಿ ಚತ್ರಂಗ್ ಆಯಿತು. ಪರ್ಷಿಯಾವನ್ನು ಅರಬರು ಗೆದ್ದ ಮೇಲೆ ಶತ್ರಂಜ್ ಆಯಿತು, ಯಾಕಂದ್ರೆ ಶಿಷ್ಟ ಅರಬ್ಬಿಯಲ್ಲಿ ಚಕಾರವೂ ಇಲ್ಲ, ನಮ್ಮಂಥ ಗಕಾರವೂ ಇಲ್ಲ. ಅರಬರ ಜೊತೆ ಸ್ಪೇನಿಗೆ ಹೋದ ಆಟಕ್ಕೆ ಅಲ್ಲಿ ಇವತ್ತಿಗೂ ಅಹೆದ್ರೆಸ್ ಅಂತಲೇ ಹೆಸರು. ಕಿವಿಗೊಟ್ಟು ಕೇಳಿದರೆ ಅದರೊಳಗೆ ನಮ್ಮ ಚತುರಂಗ ಇನ್ನೂ ಸಣ್ಣಗೆ ಕೇಳಿಸುತ್ತದೆ.

ಆದರೆ ಯುರೋಪಿನ ಉಳಿದ ಹೆಚ್ಚಿನ ಭಾಷೆಗಳು ಆಟದ ಹೆಸರನ್ನು ತೆಗೆದುಕೊಳ್ಳಲಿಲ್ಲ, ಆಟಗಾರರ ಕೂಗನ್ನು ತೆಗೆದುಕೊಂಡವು. ಪರ್ಷಿಯನ್ನಿನಲ್ಲಿ ರಾಜನಿಗೆ ಶಾಹ್. ಎದುರಾಳಿಯ ರಾಜ ಅಪಾಯದಲ್ಲಿದ್ದರೆ ಸುಮ್ಮನೆ ಕೂತು ಮುಂದಿನ ನಡೆಯಲ್ಲಿ ಹೊಡೆಯೋದು ಮರ್ಯಾದೆ ಅಲ್ಲ, "ಶಾಹ್!" ಅಂತ ಎಚ್ಚರಿಸಬೇಕು. ಅಂದರೆ "ನಿನ್ನ ರಾಜನನ್ನು ನೋಡಿಕೋ" ಅಂತ. ಆಟ ನೋಡುತ್ತಾ ನಿಂತವರ ಕಿವಿಗೆ ಪದೇ ಪದೇ ಬೀಳುತ್ತಿದ್ದದ್ದು ಇದೇ ಪದ. ಹಾಗಾಗಿ ಆಟಕ್ಕೇ ಅದು ಹೆಸರಾಯಿತು. ಜರ್ಮನ್ನಿನಲ್ಲಿ ಶಾಖ್, ಇಟಾಲಿಯನ್ನಿನಲ್ಲಿ ಸ್ಕಾಕ್ಕಿ, ಫ್ರೆಂಚಿನಲ್ಲಿ ಎಶೆಕ್. ರಷ್ಯನ್ನರು ಇನ್ನೂ ಉದ್ದ ಕೇಳಿಸಿಕೊಂಡು ಶಾಖ್ಮತಿ ಅಂದರು, ಅದರಲ್ಲಿ ಶಾಹ್ ಮಾತ್ ಪೂರ್ತಿ ಇದೆ.

ಶಾಹ್ ಹೇಗೆ ಚೆಕ್ ಆಯಿತು ಅನ್ನೋದು ಸ್ವಲ್ಪ ಮಜಾ ಇದೆ. ಲ್ಯಾಟಿನ್ ಬರೆಯುವವರಿಗೆ ಶಕಾರ ಬರೆಯಲು ಅಕ್ಷರ ಇಲ್ಲ, ಕೊನೆಯ ಹಕಾರ ಹೇಳಲು ನಾಲಿಗೆ ತಿರುಗುವುದಿಲ್ಲ. ಅವರು ಅದನ್ನು ಸ್ಕಾಕ್ಕುಸ್ ಅಂತ ಬರೆದರು. ಹಳೆಯ ಫ್ರೆಂಚಿನವರಿಗೆ ಪದದ ಶುರುವಿನಲ್ಲೇ ಸಕಾರದ ಒತ್ತಕ್ಷರ ಬಂದರೆ ಕಷ್ಟ, ಮುಂದೊಂದು ಸ್ವರ ಸೇರಿಸಿಕೊಂಡರು. ನಮ್ಮ ಹಳ್ಳಿಗಳಲ್ಲಿ ಇಸ್ಕೂಲು, ಇಸ್ಟೇಷನ್ನು ಅನ್ನುವುದಿಲ್ವಾ, ಅದೇ ಕೆಲಸ. ಹೀಗೆ ಎಸ್ಚೆಕ್ ಆಯಿತು. ಇಂಗ್ಲಿಷಿಗೆ ಬರುವಾಗ ಮುಂದಿನ ಎಸ್ ಉದುರಿ ಚೆಕ್ ಉಳಿಯಿತು. ಎಸ್ಚೆಕ್‌ನ ಬಹುವಚನ ಎಸ್ಚೆಸ್, ಅದರ ತಲೆಯೂ ಹೀಗೇ ಉದುರಿ ಚೆಸ್ ಆಯಿತು. ಅಂದರೆ ಚೆಸ್ ಅನ್ನೋದು ಚೆಕ್‌ನ ಬಹುವಚನ ಅಷ್ಟೇ. 1370ರ ಆಸುಪಾಸಿನಲ್ಲಿ ಚಾಸರ್ ಬರೆದ ಒಂದು ಕಾವ್ಯದಲ್ಲಿ ಅದೃಷ್ಟದೇವತೆ ಒಬ್ಬ ಯೋಧನ ಜೊತೆ ಚೆಸ್ ಆಡಿ, ಚೆಕ್ ಅಂದು, ಮಣೆಯ ನಟ್ಟನಡುವೆ ಅವನನ್ನು ಮೇಟ್ ಮಾಡುತ್ತಾಳೆ. ಅಷ್ಟು ಹೊತ್ತಿಗೆ ಪದ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಬೇರೂರಿತ್ತು.

ಶಾಹ್ ಅನ್ನೋ ಪದದ ಹಿಂದಕ್ಕೂ ಒಮ್ಮೆ ಇಣುಕಬೇಕು. ಪಶ್ಚಿಮ ಇರಾನಿನ ಬೆಹಿಸ್ತೂನ್ ಬೆಟ್ಟದ ಬಂಡೆಯ ಮೇಲೆ ದಾರಿಯಸ್ ಚಕ್ರವರ್ತಿ ಸುಮಾರು ಕ್ರಿ.ಪೂ. 520ರ ಹೊತ್ತಿಗೆ ಒಂದು ದೊಡ್ಡ ಶಾಸನ ಕೆತ್ತಿಸಿದ. "ನಾನು ದಾರಿಯಸ್, ಮಹಾರಾಜ" ಅಂತ ಶುರುವಾಗುವ ಆ ಶಾಸನದಲ್ಲಿ ರಾಜ ಅನ್ನುವುದಕ್ಕೆ ಹಳೆಯ ಪರ್ಷಿಯನ್ ಪದ ಖ್ಷಾಯಥಿಯ. ಸವೆದು ಸವೆದು ಶಾಹ್ ಆಗಿದ್ದು ಇದೇ. ಆಳ್ವಿಕೆ, ಅಧಿಕಾರ ಅನ್ನುವ ಅದೇ ಬೇರಿನಿಂದ ಸಂಸ್ಕೃತದಲ್ಲಿ ಕ್ಷತ್ರ, ಕ್ಷತ್ರಿಯ ಬಂದವು. ಅಂದಮೇಲೆ ಚೆಕ್ ಮತ್ತು ಕ್ಷತ್ರಿಯ ದೂರದ ದಾಯಾದಿಗಳು. ಹಾಗಂತ "ಚೆಕ್ ಸಂಸ್ಕೃತದಿಂದ ಬಂತು" ಅಂತ ವಾಟ್ಸಾಪಿನಲ್ಲಿ ಹಂಚಬೇಡಿ. ದಾಯಾದಿ ಬೇರೆ, ಮಗ ಬೇರೆ. ಇರಾನಿನ ಕಡೆಯ ಕವಲು ಅದರ ಪಾಡಿಗೆ ಅದು ಬೆಳೆದು, ಅರಬ್ಬಿ ದಾಟಿ, ಯುರೋಪಿಗೆ ಹೋಯಿತು. ಇನ್ನು ನೇರ ಶಾಹ್ ಬೇಕಾದರೆ ನಮ್ಮ ಉತ್ತರ ಕರ್ನಾಟಕದಲ್ಲೇ ಧಾರಾಳವಾಗಿದೆ. ವಿಜಯಪುರದ ಆದಿಲ್‌ಶಾಹಿ, ಯಾದಗಿರಿ ಜಿಲ್ಲೆಯ ಶಹಾಪುರ, ಕಲಬುರಗಿ ಕಡೆಯ ಶಹಾಬಾದ್. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನಲ್ಲೂ ಜೇಬಿನಲ್ಲಿರುವ ಚೆಕ್‌ಬುಕ್ಕಿನಲ್ಲೂ ಇರುವವನು ಒಬ್ಬನೇ ರಾಜ.

ಚೆಕ್‌ಮೇಟ್ ಬಗ್ಗೆ ಒಂದು ಮಾತು. ಶಾಹ್ ಮಾತ್ ಅಂದರೆ "ರಾಜ ಸತ್ತ" ಅಂತ ಬಹಳ ಕಡೆ ಬರೆದಿರುತ್ತಾರೆ. ಅರಬ್ಬಿಯಲ್ಲಿ ಮಾತ ಅಂದರೆ ಸತ್ತ ಅಂತ ಇರುವುದರಿಂದ ಹುಟ್ಟಿದ ಅರ್ಥ ಅದು. ಪರ್ಷಿಯನ್ನಿನಲ್ಲಿ ಮಾತ್ ಅಂದರೆ ದಿಕ್ಕು ತೋಚದವನು, ಕೈಕಾಲು ಆಡದವನು. ಆಟಕ್ಕೆ ಹೊಂದೋದು ಇದೇ ಅರ್ಥ, ಯಾಕಂದ್ರೆ ಚೆಸ್ಸಿನಲ್ಲಿ ರಾಜನನ್ನು ಯಾರೂ ಕೊಲ್ಲುವುದಿಲ್ಲ. ಅವನು ಎಲ್ಲೂ ಹೋಗಲಾರದೆ ನಿಂತಾಗ ಆಟ ಮುಗಿಯುತ್ತದೆ.

ಸರಿ, ಆಟದ ಕೂಗು ಆಟದಲ್ಲೇ ಇರಬೇಕಿತ್ತು. ಅದು ಬಸ್ಸಿನ ಟಿಕೆಟ್ ತಪಾಸಣೆಗೆ ಹೇಗೆ ಬಂತು?

ಚೆಕ್ ಅಂದ ಕ್ಷಣ ಮಣೆಯ ಮೇಲೆ ಏನಾಗುತ್ತದೆ ನೋಡಿ. ಎದುರಿನವನ ಎಲ್ಲ ಲೆಕ್ಕಾಚಾರ ನಿಂತುಹೋಗುತ್ತದೆ. ಅವನು ಆನೆ ನಡೆಸಿ ನಿಮ್ಮ ಮಂತ್ರಿಯನ್ನು ಹೊಡೆಯಬೇಕು ಅಂತ ನಾಲ್ಕು ನಡೆಯಿಂದ ಹೊಂಚು ಹಾಕಿದ್ದರೂ ಈಗ ಅದನ್ನು ಬಿಟ್ಟು ರಾಜನನ್ನು ಉಳಿಸಿಕೊಳ್ಳಬೇಕು, ಬೇರೆ ನಡೆ ನಡೆಸುವ ಹಾಗೇ ಇಲ್ಲ. ಹಾಗಾಗಿ ಚೆಕ್ ಅನ್ನುವುದಕ್ಕೆ "ಮುಂದೆ ಹೋಗುತ್ತಿದ್ದವನನ್ನು ಥಟ್ಟನೆ ನಿಲ್ಲಿಸುವುದು" ಅನ್ನುವ ಅರ್ಥ ಬಂತು. ರಾಜ ಅನ್ನುವ ಅರ್ಥ ಸದ್ದಿಲ್ಲದೆ ಕಳಚಿ ಬಿತ್ತು. ಇಂಗ್ಲಿಷಿನವರಿಗೆ ಅದು ರಾಜ ಅಂತ ಗೊತ್ತೂ ಇರಲಿಲ್ಲ, ಅವರಿಗೆ ಅದೊಂದು ತಡೆಯುವ ಸದ್ದು ಮಾತ್ರ. ಕುದುರೆಯನ್ನು ಚೆಕ್ ಮಾಡುವುದು ಅಂದರೆ ಲಗಾಮು ಜಗ್ಗುವುದು. ಕೋಪವನ್ನು ಚೆಕ್ ಮಾಡುವುದು ಅಂದರೆ ತಡೆದುಕೊಳ್ಳುವುದು.

ಈ ಹಳೆಯ ಅರ್ಥ ಈಗ ಸತ್ತಿದೆ ಅಂದುಕೊಳ್ಳಬೇಡಿ. ಚೆಕ್ ಡ್ಯಾಂ ಅನ್ನುವಾಗ ಅಲ್ಲಿ ಯಾರೂ ಏನನ್ನೂ ಪರೀಕ್ಷೆ ಮಾಡುವುದಿಲ್ಲ, ಅಲ್ವಾ? ಮಳೆಗಾಲದಲ್ಲಿ ಹಳ್ಳದ ನೀರು ಮಣ್ಣನ್ನೂ ಕೊಚ್ಚಿಕೊಂಡು ಒಂದೇ ಓಟದಲ್ಲಿ ಓಡಿಹೋಗದ ಹಾಗೆ ಗಿಡ್ಡ ಗೋಡೆ ಅಡ್ಡ ಕಟ್ಟಿ ಅದರ ವೇಗ ಮುರಿಯುತ್ತಾರೆ. ಹೂಳು ಅಲ್ಲೇ ಕೂರುತ್ತದೆ, ನಿಂತ ನೀರು ನೆಲಕ್ಕೆ ಇಂಗಿ ಸುತ್ತಲಿನ ಬಾವಿ, ಬೋರ್‌ವೆಲ್‌ಗಳಿಗೆ ಸೇರುತ್ತದೆ. ಇಲ್ಲಿ ಚೆಕ್ ಅಂದರೆ ತಡೆ, ಅಷ್ಟೇ. ನಾನು ನೋಡಿದ ಹಾಗೆ, ಕನ್ನಡಿಗರ ಬಾಯಲ್ಲಿ ದಿನವೂ ಓಡಾಡುವ ಚೆಕ್‌ಗಳಲ್ಲಿ ಚದುರಂಗದ ಮಣೆಗೆ ಅತಿ ಹತ್ತಿರದ ಅರ್ಥ ಇಟ್ಟುಕೊಂಡಿರುವುದು ಈ ಹಳ್ಳದ ಗೋಡೆಯೇ. ಬೋರ್‌ವೆಲ್ ಪೈಪಿಗೆ ಹಾಕುವ ಎನ್‌ಆರ್‌ವಿ ಕೂಡ ಹಾಗೇ, ಮೇಲೆ ಬಂದ ನೀರು ವಾಪಸ್ ಇಳಿಯದಂತೆ ತಡೆಯುವ ಅದಕ್ಕೆ ಚೆಕ್ ವಾಲ್ವ್ ಅಂತಲೂ ಹೆಸರಿದೆ. ಅಮೆರಿಕದ ಸಂವಿಧಾನದ ಬಗ್ಗೆ ಓದಿದವರಿಗೆ ಚೆಕ್ಸ್ ಅಂಡ್ ಬ್ಯಾಲೆನ್ಸಸ್ ಗೊತ್ತಿರುತ್ತದೆ. ಸಂಸತ್ತು, ಅಧ್ಯಕ್ಷ, ಕೋರ್ಟು ಒಬ್ಬರು ಇನ್ನೊಬ್ಬರನ್ನು ಮಿತಿ ಮೀರದಂತೆ ತಡೆಯುವ ಏರ್ಪಾಡು. ಅದನ್ನು "ಪರಿಶೀಲನೆ ಮತ್ತು ಸಮತೋಲನ" ಅಂತ ಅನುವಾದ ಮಾಡಿದ್ದನ್ನು ಕಂಡಿದ್ದೇನೆ, ಅರ್ಧ ತಪ್ಪು. ಅಲ್ಲಿರುವುದು ಪರಿಶೀಲನೆಗಿಂತ ಜಾಸ್ತಿ ತಡೆ.

ತಡೆಯುವುದರಿಂದ ಪರೀಕ್ಷಿಸುವುದಕ್ಕೆ ದಾಟಿದ್ದು ಲೆಕ್ಕಪತ್ರದ ಮೂಲಕ. ಮೋಸ ತಡೆಯಬೇಕಾದರೆ ಏನು ಮಾಡಬೇಕು? ಒಬ್ಬನ ಲೆಕ್ಕಕ್ಕೆ ಎದುರಾಗಿ ಇನ್ನೊಂದು ಲೆಕ್ಕ ಇಡಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಬೇಕು. ಮೋಸಕ್ಕೆ ತಡೆ ಹಾಕುವ ಆ ಎರಡನೇ ಪ್ರತಿಯೂ ಚೆಕ್, ತಾಳೆ ನೋಡುವ ಕೆಲಸವೂ ಚೆಕ್. ಹದಿನೇಳನೇ ಶತಮಾನದ ಕೊನೆಗೆ "ಸರಿ ಇದೆಯಾ ಅಂತ ನೋಡು" ಅನ್ನುವ ಇವತ್ತಿನ ಅರ್ಥ ಬಳಕೆಗೆ ಬಂದಿತ್ತು. ನಮ್ಮ ಬಸ್ಸಿನ ಚೆಕಿಂಗ್, ಮೆಸೇಜ್ ಚೆಕ್, ಶುಗರ್ ಚೆಕ್, ಬಿಪಿ ಚೆಕ್ ಎಲ್ಲಾ ಈ ಕೊಂಬೆಯವು. ಚೆಕ್‌ಪೋಸ್ಟ್ ಮಾತ್ರ ಎರಡೂ ಅರ್ಥವನ್ನು ಒಟ್ಟಿಗೇ ಇಟ್ಟುಕೊಂಡಿದೆ. ಮೊದಲು ಗಾಡಿ ನಿಲ್ಲಿಸುತ್ತಾರೆ, ಆಮೇಲೆ ಡಿಕ್ಕಿ ತೆಗೆಸುತ್ತಾರೆ.

ಕಂಟ್ರೋಲ್ ಅನ್ನುವ ಪದದ ಕಥೆಯೂ ಹೆಚ್ಚು ಕಡಿಮೆ ಹೀಗೇ. ಅದು ಕೌಂಟರ್ ರೋಲ್, ಅಂದರೆ ಎದುರು ಸುರುಳಿ. ಹಿಂದೆ ಲೆಕ್ಕ ಬರೆಯುತ್ತಿದ್ದದ್ದು ಚರ್ಮದ ಸುರುಳಿಯ ಮೇಲೆ. ಒಬ್ಬನ ಸುರುಳಿಗೆ ಎದುರಾಗಿ ಇನ್ನೊಬ್ಬ ಇಟ್ಟುಕೊಂಡ ಪ್ರತಿಯಿಂದ ಕಂಟ್ರೋಲ್ ಹುಟ್ಟಿತು. ನಮ್ಮ ಸಿಎಜಿಯ ಹೆಸರಿನಲ್ಲಿರುವ ಕಂಪ್ಟ್ರೋಲರ್ ಕೂಡ ಅದೇ. ಫ್ರೆಂಚಿನಲ್ಲಿ ಲೆಕ್ಕ ಅನ್ನುವುದಕ್ಕಿರುವ ಪದಕ್ಕೂ ಇದಕ್ಕೂ ನಂಟು ಇರಬೇಕು ಅಂತ ತಪ್ಪು ತಿಳಿದು ಯಾರೋ ನಡುವೆ ಎಂ, ಪಿ ತುರುಕಿದರು, ಆ ತಪ್ಪು ಇವತ್ತು ಭಾರತದ ಸಂವಿಧಾನದಲ್ಲೇ ಕೂತಿದೆ. ಚೆಕ್ಕಿನ ಸ್ಪೆಲಿಂಗಿಗೂ ಇಂಥದ್ದೇ ಒಂದು ಗತಿ ಬಂತು. ಅದಕ್ಕೆ ಮೊದಲು ಎರಡನೇ ಕವಲನ್ನು ನೋಡಿಬಿಡೋಣ.

ಎರಡನೇ ಕವಲಿನ ಬೇರು ಆಟದ ಕೂಗಿನಲ್ಲಿಲ್ಲ, ಆಟದ ಮಣೆಯಲ್ಲಿದೆ. ಸ್ಕಾಕ್ಕುಸ್ ಆಡುವ ಮಣೆಗೆ ಲ್ಯಾಟಿನ್ನಿನಲ್ಲಿ ಸ್ಕಾಕ್ಕಾರಿಯುಂ, ಹಳೆಯ ಫ್ರೆಂಚಿನಲ್ಲಿ ಎಸ್ಚೆಕಿಯೆ. ಹನ್ನೆರಡನೇ ಶತಮಾನದ ಶುರುವಿನಲ್ಲಿ, ಒಂದನೇ ಹೆನ್ರಿಯ ಕಾಲದ ಇಂಗ್ಲೆಂಡಿನಲ್ಲಿ, ರಾಜನ ಖಜಾನೆ ಲೆಕ್ಕ ನೋಡುವ ಸಭೆಗೆ ಈ ಹೆಸರು ಬಂತು. ಯಾಕೆ ಅಂತ ಊಹಿಸುವ ಕಷ್ಟ ನಮಗಿಲ್ಲ. ಎರಡನೇ ಹೆನ್ರಿಯ ಖಜಾಂಚಿ ರಿಚರ್ಡ್ ಫಿಟ್ಜ್‌ನೀಲ್ ಅನ್ನುವವನು 1170ರ ದಶಕದ ಕೊನೆಯಲ್ಲಿ ಈ ಕಚೇರಿಯ ಬಗ್ಗೆ ಲ್ಯಾಟಿನ್ನಿನಲ್ಲಿ ಒಂದು ಪುಸ್ತಕವನ್ನೇ ಬರೆದಿಟ್ಟಿದ್ದಾನೆ. ಶಿಷ್ಯ ಕೇಳುತ್ತಾನೆ, ಗುರು ಹೇಳುತ್ತಾನೆ, ಆ ಥರದ ಪುಸ್ತಕ. ಸರ್ಕಾರಿ ಕಚೇರಿಯ ಒಳಗಿನವನೊಬ್ಬ ಅಲ್ಲಿನ ಕೆಲಸವನ್ನು ಇಷ್ಟು ಬಿಡಿಸಿ ಹೇಳಿದ್ದು ಅಪರೂಪ.

ಅವನ ಪ್ರಕಾರ ಅಲ್ಲಿ ಹತ್ತು ಅಡಿ ಉದ್ದ, ಐದು ಅಡಿ ಅಗಲದ ಒಂದು ಮೇಜು. ಮೇಲೆ ಇಟ್ಟಿದ್ದು ಕೆಳಗೆ ಬೀಳದಿರಲಿ ಅಂತ ಸುತ್ತ ನಾಲ್ಕು ಬೆರಳು ಎತ್ತರದ ಅಂಚು. ಮೇಜಿನ ಮೇಲೆ ಕಪ್ಪು ಬಟ್ಟೆ, ಅದರ ಮೇಲೆ ಒಂದಡಿ ಅಥವಾ ಒಂದು ಗೇಣು ದೂರಕ್ಕೊಂದರಂತೆ ಗೆರೆ. ಗೆರೆಗಳ ನಡುವಿನ ಒಂದೊಂದು ಅಂಕಣಕ್ಕೆ ಒಂದೊಂದು ಬೆಲೆ. ಮೊದಲನೆಯದು ಪೆನ್ನಿ, ಎರಡನೆಯದು ಶಿಲ್ಲಿಂಗ್, ಮೂರನೆಯದು ಪೌಂಡ್, ಆಮೇಲೆ ಇಪ್ಪತ್ತು, ನೂರು, ಸಾವಿರ ಪೌಂಡುಗಳು. ಜಿಲ್ಲೆಗಳಿಂದ ತೆರಿಗೆ ವಸೂಲಿ ಮಾಡಿ ತರುವ ಶೆರಿಫ್ ಮೇಜಿನ ಒಂದು ಕಡೆ, ಖಜಾಂಚಿ ಇನ್ನೊಂದು ಕಡೆ. ಶೆರಿಫ್ ಎಷ್ಟು ಕಟ್ಟಬೇಕು ಅನ್ನುವುದಕ್ಕೆ ಒಂದು ಸಾಲು ಬಿಲ್ಲೆ ಜೋಡಿಸುತ್ತಾರೆ, ಎಷ್ಟು ಕಟ್ಟಿದ್ದಾನೆ ಅನ್ನುವುದಕ್ಕೆ ಅದರ ಕೆಳಗೆ ಇನ್ನೊಂದು ಸಾಲು. ಮೇಲಿನದರಲ್ಲಿ ಕೆಳಗಿನದನ್ನು ಕಳೆದರೆ ಬಾಕಿ ಎಷ್ಟು ಅಂತ ಎಲ್ಲರ ಕಣ್ಣಿಗೂ ಕಾಣುತ್ತದೆ.

ಇಷ್ಟೆಲ್ಲ ಯಾಕೆ ಬೇಕಿತ್ತು ಅಂದರೆ, ಆಗ ಅವರಲ್ಲಿ ಇದ್ದದ್ದು ರೋಮನ್ ಅಂಕಿ. ಅದರಲ್ಲಿ ಕೂಡುವುದು ಕಳೆಯುವುದು ತಲೆನೋವು. ಅದರ ಮೇಲೆ 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. ನಮ್ಮಲ್ಲೂ 1957ರವರೆಗೆ 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ ಇತ್ತಲ್ಲ, ಆ ಲೆಕ್ಕ ಮಾಡಿದ ಹಿರಿಯರನ್ನು ಕೇಳಿ ನೋಡಿ. ಎಷ್ಟೋ ಶೆರಿಫ್‌ಗಳಿಗೆ ಓದು ಬರಹ ಅಷ್ಟಕ್ಕಷ್ಟೇ. ಬಿಲ್ಲೆ ಜೋಡಿಸಿದರೆ ಅಕ್ಷರ ಬಾರದವನಿಗೂ ಲೆಕ್ಕ ತಿಳಿಯುತ್ತದೆ, ಆಮೇಲೆ ತಕರಾರು ಇಲ್ಲ. ಈ ಗೆರೆ ಎಳೆದ ಬಟ್ಟೆ ನೋಡಲು ಚದುರಂಗದ ಹಾಸಿನ ಹಾಗೇ ಇತ್ತು. ಹೆಸರಿಗೆ ಇನ್ನೂ ಒಂದು ಕಾರಣವನ್ನು ಫಿಟ್ಜ್‌ನೀಲ್ ಕೊಡುತ್ತಾನೆ, ನನಗೆ ಅದೇ ಹೆಚ್ಚು ಇಷ್ಟ. ಇಲ್ಲಿ ಖಜಾಂಚಿಗೂ ಶೆರಿಫ್‌ಗೂ ಒಂದು ಯುದ್ಧವೇ ನಡೆಯುತ್ತದೆ, ಉಳಿದವರು ತೀರ್ಪು ಹೇಳಲು ಸುತ್ತ ಕೂತು ನೋಡುತ್ತಾರೆ ಅಂತ.

ದುಡ್ಡು ಕಟ್ಟಿದ್ದಕ್ಕೆ ರಸೀದಿಯಾಗಿ ಕೊಡುತ್ತಿದ್ದದ್ದು ಕಾಗದ ಅಲ್ಲ, ಕಡ್ಡಿ. ಟ್ಯಾಲಿ ಅಂತ ಅದರ ಹೆಸರು. ಹೇಜಲ್ ಮರದ ಕಡ್ಡಿಗೆ ಕಚ್ಚು ಹಾಕುತ್ತಿದ್ದರು. ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಬಾರ್ಲಿ ಕಾಳಿನಷ್ಟು. ಆಮೇಲೆ ಕಡ್ಡಿಯನ್ನು ಉದ್ದಕ್ಕೆ ಸೀಳಿ ಒಂದು ಹೋಳು ಕಟ್ಟಿದವನಿಗೆ, ಇನ್ನೊಂದು ಖಜಾನೆಗೆ. ಯಾರಾದರೂ ತನ್ನ ಹೋಳಿನ ಕಚ್ಚು ತಿದ್ದಿದರೆ ಎರಡನ್ನೂ ಜೋಡಿಸಿದ ತಕ್ಷಣ ಗೊತ್ತಾಗುತ್ತದೆ, ಮರದ ಎಳೆ ಸುಳ್ಳು ಹೇಳುವುದಿಲ್ಲ. ಖಜಾನೆಯ ಹೋಳಿಗೆ ಫಾಯಿಲ್ ಅಂತ ಹೆಸರು. ಬ್ಯಾಂಕಿನಲ್ಲಿ ಚಲನ್ ತುಂಬಿದಾಗ ಸೀಲ್ ಹಾಕಿ ಹರಿದುಕೊಡುವ ಚೂರಿಗೆ ಕೌಂಟರ್‌ಫಾಯಿಲ್ ಅನ್ನುತ್ತೇವಲ್ಲ, ಆ ಫಾಯಿಲ್ ಇಲ್ಲಿಂದ ಬಂದದ್ದು. ಬೆಂಗಳೂರಿನ ಕಂಪನಿಯೊಂದು ಮಾಡಿ, ದೇಶದ ಅಂಗಡಿ ಅಂಗಡಿಗೂ ತಲುಪಿಸಿದ ಲೆಕ್ಕದ ಸಾಫ್ಟ್‌ವೇರಿನ ಹೆಸರೂ ಟ್ಯಾಲಿಯೇ.

ಈ ಕಡ್ಡಿ ಲೆಕ್ಕ 1826ರವರೆಗೂ ನಡೆಯಿತು ಅಂದರೆ ನಂಬಬೇಕು. ನಿಲ್ಲಿಸಿದ ಮೇಲೆ ರಾಶಿ ರಾಶಿ ಹಳೆಯ ಕಡ್ಡಿ ಉಳಿದವು. 1834ರ ಅಕ್ಟೋಬರ್ 16ರಂದು ಅವನ್ನು ಹೌಸ್ ಆಫ್ ಲಾರ್ಡ್ಸ್‌ನ ಕೆಳಗಿನ ಒಲೆಗಳಿಗೆ ತುಂಬಿ ಸುಟ್ಟರು. ಬೆಂಕಿ ಕೈಮೀರಿ ಬ್ರಿಟಿಷ್ ಸಂಸತ್ತಿನ ಕಟ್ಟಡವೇ ಬಹುಪಾಲು ಸುಟ್ಟುಹೋಯಿತು. ಈಗ ಲಂಡನ್ನಿನಲ್ಲಿ ಫೋಟೋ ತೆಗೆಸಿಕೊಳ್ಳುವ ಸಂಸತ್ ಭವನ ಅದರ ನಂತರ ಕಟ್ಟಿದ್ದು.

ಎಸ್ಚೆಕಿಯೆ ಇಂಗ್ಲಿಷಿನಲ್ಲಿ ಎಕ್ಸ್‌ಚೆಕರ್ ಆಯಿತು. ಮುಂದಿನ ಎಸ್ ಇಲ್ಲಿ ಉದುರಲಿಲ್ಲ, ಅದು ಲ್ಯಾಟಿನ್ನಿನ ಎಕ್ಸ್ ಇರಬೇಕು ಅಂತ ಓದಿದವರು ತಿದ್ದಿಬಿಟ್ಟರು. ಬ್ರಿಟನ್ನಿನ ಹಣಕಾಸು ಮಂತ್ರಿಗೆ ಇವತ್ತಿಗೂ ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್ ಅಂತಲೇ ಹೆಸರು. ಅಕ್ಷರಶಃ ನೋಡಿದರೆ ಚದುರಂಗದ ಮಣೆಯ ಮಂತ್ರಿ.

ಈಗ ಬ್ಯಾಂಕಿನ ಚೆಕ್ಕಿಗೆ ಬರೋಣ. ಇಂಥವರಿಗೆ ಇಷ್ಟು ದುಡ್ಡು ಕೊಡಿ ಅಂತ ತನ್ನ ಹಣ ಇಟ್ಟುಕೊಂಡವರಿಗೆ ಚೀಟಿ ಬರೆಯುವುದು ಇಂಗ್ಲೆಂಡಿನಲ್ಲಿ ಹದಿನೇಳನೇ ಶತಮಾನದಲ್ಲೇ ಇತ್ತು. 1659ರಲ್ಲಿ 400 ಪೌಂಡಿಗೆ ಕೈಯಲ್ಲಿ ಬರೆದ ಅಂಥ ಒಂದು ಚೀಟಿ ಇನ್ನೂ ಉಳಿದಿದೆ. ಆದರೆ ಆಗ ಅದನ್ನು ಯಾರೂ ಚೆಕ್ ಅನ್ನುತ್ತಿರಲಿಲ್ಲ. ಹದಿನೆಂಟನೇ ಶತಮಾನದ ಶುರುವಿನಲ್ಲಿ ಚೆಕ್ ಅಂದರೆ ಆ ಚೀಟಿಯ ಎದುರು ಪ್ರತಿ, ಅಂದರೆ ಪುಸ್ತಕದಲ್ಲೇ ಉಳಿಯುವ ಚೂರು. ಮೋಸಕ್ಕೆ ತಡೆಯಾಗಿ, ತಾಳೆ ನೋಡಲು ಇಟ್ಟುಕೊಳ್ಳುವ ಪ್ರತಿಗೆ ಚೆಕ್ ಅನ್ನುತ್ತಿದ್ದರು ಅಂತ ಮೇಲೆ ಹೇಳಿದೆನಲ್ಲ, ಅದೇ ಇದು. 1717ರ ಹೊತ್ತಿಗೆ ಬ್ಯಾಂಕ್ ಆಫ್ ಇಂಗ್ಲೆಂಡ್ ನಂಬರ್ ಹಾಕಿದ ಅಚ್ಚಿನ ಫಾರಂ ಕೊಡಲು ಶುರು ಮಾಡಿತ್ತು. ನಿಧಾನಕ್ಕೆ ಹೆಸರು ಉಳಿದ ಚೂರಿನಿಂದ ಹರಿದುಕೊಟ್ಟ ಚೀಟಿಗೆ ಜಾರಿತು. ನಮ್ಮ ಹಳೆಯ ಚೆಕ್‌ಬುಕ್ಕುಗಳಲ್ಲಿ ಎಡಗಡೆ ಒಂದು ಸಣ್ಣ ಚೂರು ಇರುತ್ತಿತ್ತು, ಯಾರಿಗೆ, ಎಷ್ಟು, ಯಾವ ತಾರೀಕು ಅಂತ ಬರೆದಿಟ್ಟುಕೊಳ್ಳಲು. ಲೆಕ್ಕಪ್ರಕಾರ ನಿಜವಾದ ಚೆಕ್ ಆ ಚೂರೇ. ಅದನ್ನು ತುಂಬದೆ ಬಿಡುವವರೇ ಜಾಸ್ತಿ, ಆ ಮಾತು ಬೇರೆ.

ಅರ್ಥ ಮೊದಲ ಕವಲಿನಿಂದ ಬಂತು. ಸ್ಪೆಲಿಂಗ್ ಎರಡನೇ ಕವಲಿನಿಂದ ಬಂತು. ಬಹಳ ಕಾಲ ಎಲ್ಲರೂ ಮಾಮೂಲಿ ಚೆಕ್ ಬರೆಯುವ ಹಾಗೆ ಸಿ-ಕೆ ಹಾಕಿಯೇ ಬರೆಯುತ್ತಿದ್ದರು. ದುಡ್ಡಿನ ವಿಷಯ ಅಲ್ವಾ, ಎಕ್ಸ್‌ಚೆಕರ್‌ನಲ್ಲಿ ಕ್ಯೂ-ಯು-ಇ ಇದೆ, ಇದರಲ್ಲೂ ಇರಲಿ ಅನ್ನೋ ಒಲವು ಬೆಳೆಯಿತು. ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಜೇಮ್ಸ್ ವಿಲಿಯಂ ಗಿಲ್ಬಾರ್ಟ್ ಅನ್ನುವ ಬ್ಯಾಂಕರ್ ತನ್ನ ಪುಸ್ತಕದಲ್ಲಿ ಇದನ್ನು ಬಿಡಿಸಿ ಹೇಳಿದ. ಹೆಚ್ಚಿನವರು ಸಿ-ಕೆ ಬರೆಯುತ್ತಾರೆ, ಆದರೆ ಅದಕ್ಕೆ ಬೇರೆ ಅರ್ಥಗಳಿರುವುದರಿಂದ ಗೊಂದಲ, ಎಕ್ಸ್‌ಚೆಕರ್‌ಗೆ ಹೊಂದುವ ಸ್ಪೆಲಿಂಗನ್ನು ನಾನು ಬಳಸುತ್ತೇನೆ ಅಂತ. ಬ್ರಿಟನ್ ಅದನ್ನೇ ಒಪ್ಪಿಕೊಂಡಿತು. 1881ರ ನಮ್ಮ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲೂ ಅದೇ ಸ್ಪೆಲಿಂಗ್ ಇದೆ. ಚೆಕ್ ಬೌನ್ಸ್ ಕೇಸಿನವರಿಗೆಲ್ಲ ಬಾಯಿಪಾಠವಾಗಿರುವ ಸೆಕ್ಷನ್ 138 ಇರುವುದು ಈ ಕಾಯ್ದೆಯಲ್ಲೇ, ಅದನ್ನು ಸೇರಿಸಿದ್ದು ಮಾತ್ರ 1988ರ ತಿದ್ದುಪಡಿಯಲ್ಲಿ. ಅಮೆರಿಕನ್ನರು ತಲೆಕೆಡಿಸಿಕೊಳ್ಳದೆ ಹಳೆಯ ಸಿ-ಕೆ ಸ್ಪೆಲಿಂಗನ್ನೇ ಇಟ್ಟುಕೊಂಡರು. ಹೀಗಾಗಿ ಅಮೆರಿಕದವರು ಚೆಕ್ಕಿನ ಸ್ಪೆಲಿಂಗ್ ಹಾಳು ಮಾಡಿದ್ದಾರೆ ಅಂತ ಬೈಯುವವರು ಸ್ವಲ್ಪ ತಡೆದುಕೊಳ್ಳಬೇಕು. ಹಳೆಯದು ಅವರದ್ದೇ.

ಅಮೆರಿಕದಲ್ಲಿ ಈ ಪದಕ್ಕೆ ಇನ್ನಷ್ಟು ಮರಿಗಳಾದವು. ಅಲ್ಲಿನ ರೈಲುಗಳಲ್ಲಿ ಗಂಟುಮೂಟೆಗೆ ಹಿತ್ತಾಳೆ ಬಿಲ್ಲೆ ಕಟ್ಟಿ, ಅದೇ ನಂಬರಿನ ಇನ್ನೊಂದು ಬಿಲ್ಲೆಯನ್ನು ಪ್ರಯಾಣಿಕನ ಕೈಗೆ ಕೊಡುತ್ತಿದ್ದರು. ಅದೂ ಜೋಡಿ ಪ್ರತಿಯೇ, ಹಾಗಾಗಿ ಅದೂ ಚೆಕ್. ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸಿಗೆ ಟ್ಯಾಗ್ ಸುತ್ತಿ ಅದರ ಚೂರನ್ನು ಬೋರ್ಡಿಂಗ್ ಪಾಸಿಗೆ ಅಂಟಿಸಿಕೊಡುತ್ತಾರಲ್ಲ, ಅದು ಈ ಬಿಲ್ಲೆಯ ಮೊಮ್ಮಗ. ಬೇಸ್‌ಬಾಲ್ ಪಂದ್ಯ ಮಳೆಗೆ ನಿಂತುಹೋದರೆ ಇನ್ನೊಂದು ದಿನ ಬಂದು ನೋಡಲು ಕೊಡುತ್ತಿದ್ದ ಚೀಟಿ ರೇನ್ ಚೆಕ್. ಈಗ ಊಟಕ್ಕೆ ಕರೆದಾಗ "ಇವತ್ತು ಬೇಡ, ಇನ್ನೊಂದ್ಸಲ ಬರ್ತೀನಿ" ಅನ್ನಲು ಅಮೆರಿಕನ್ನರು ಅದನ್ನೇ ಬಳಸುತ್ತಾರೆ. ಹೋಟೆಲಿನಲ್ಲಿ ನಾವು ಬಿಲ್ ಅನ್ನುವುದು ಅವರಿಗೆ ಚೆಕ್. ಇಲ್ಲಿಂದ ಹೊಸದಾಗಿ ಹೋದ ನಮ್ಮ ಹುಡುಗರು "ಚೆಕ್ ತರಲಾ?" ಅಂತ ವೇಟರ್ ಕೇಳಿದರೆ ಒಂದು ಕ್ಷಣ ಗಲಿಬಿಲಿಯಾಗುವುದು ಇದಕ್ಕೇ.

ಚೆಕ್ಸ್ ಶರ್ಟಿನದು ಸುಲಭ. ಚದುರಂಗದ ಮಣೆಯ ಹಾಗೆ ಚೌಕಳಿ ಇರುವ ಬಟ್ಟೆ, ಅಷ್ಟೇ. ಕಾರ್ ರೇಸಿನ ಕೊನೆಗೆ ಬೀಸುವ ಕಪ್ಪು ಬಿಳಿ ಬಾವುಟವೂ ಹಾಗೇ.

ಇನ್ನು ಈ ಮನೆತನಕ್ಕೆ ಸೇರದೆ ನೆಂಟರ ಹಾಗೆ ಕಾಣುವವರು ಕೆಲವರಿದ್ದಾರೆ. ಶಹಬ್ಬಾಸ್‌ನಲ್ಲಿ ಶಾಹ್ ಇಲ್ಲ, ಅದು ಶಾದ್ ಬಾಶ್, ಅಂದರೆ ಸಂತೋಷವಾಗಿರು ಅನ್ನುವ ಪರ್ಷಿಯನ್ ಹಾರೈಕೆ. ಚೆಕ್ ಗಣರಾಜ್ಯಕ್ಕೂ ಚೆಸ್ಸಿಗೂ ಏನೂ ಸಂಬಂಧವಿಲ್ಲ, ಅದು ಅಲ್ಲಿನ ಸ್ಲಾವ್ ಜನಾಂಗದ ಹೆಸರು.

ದೊಡ್ಡ ಗೊಂದಲ ಇರುವುದು ಸಕ್ ಅನ್ನುವ ಅರಬ್ಬಿ ಪದದ ಬಗ್ಗೆ. ಬ್ಯಾಂಕಿನ ಚೆಕ್ ಬಂದಿದ್ದೇ ಇದರಿಂದ ಅಂತ ಬಹಳ ಜನ ಬರೆಯುತ್ತಾರೆ. ಸಕ್ ಅಂದರೆ ಬರೆದುಕೊಟ್ಟ ಪತ್ರ, ಪಾವತಿಯ ಪತ್ರವೂ ಹೌದು. ಅದು ಪರ್ಷಿಯನ್ನಿನ ಚಕ್‌ನಿಂದ ಅರಬ್ಬಿಗೆ ಹೋಗಿದ್ದು. ಹತ್ತನೇ ಶತಮಾನದ ಪ್ರವಾಸಿ ಇಬ್ನ್ ಹೌಕಲ್, ಸಹಾರಾ ಅಂಚಿನ ಔದಗೋಸ್ತ್‌ನ ಒಬ್ಬ ವ್ಯಾಪಾರಿಗೆ ಸಂಬಂಧಿಸಿದ 42,000 ದಿನಾರುಗಳ ಸಕ್ ಕಂಡೆ ಅಂತ ಬರೆದಿದ್ದಾನೆ. ಆ ಕಾಲಕ್ಕೆ ಅದು ಬೆರಗಾಗುವ ಮೊತ್ತ. ಪದ್ಧತಿ ಇತ್ತು, ಪದವೂ ಇತ್ತು, ಉಚ್ಚಾರವೂ ಹತ್ತಿರ, ಎಲ್ಲಾ ಸರಿ. ಆದರೆ ಇಂಗ್ಲಿಷಿನ ಚೆಕ್ ನಡೆದುಬಂದ ದಾರಿ ಹೆಜ್ಜೆ ಹೆಜ್ಜೆಗೂ ದಾಖಲೆಯಲ್ಲಿದೆ. ತಡೆ, ತಾಳೆ, ಎದುರು ಪ್ರತಿ, ಆಮೇಲೆ ಹಣದ ಚೀಟಿ. ನಡುವೆ ಸಕ್ ಬಂದು ಸೇರಲು ಜಾಗವೇ ಇಲ್ಲ. ಅದಕ್ಕೇ ಪದಕೋಶಗಳು ಆ ಮೂಲವನ್ನು ಒಪ್ಪುವುದಿಲ್ಲ, ನನಗೂ ಅದು ಸರಿ ಅನ್ನಿಸುತ್ತದೆ.

ಕೊನೆಯದು ನಮ್ಮದೇ. ಸೈಟು, ಜಮೀನಿನ ಕ್ರಯಪತ್ರದಲ್ಲಿ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇನ್ನೊಬ್ಬರ ಸೈಟು ಅಂತ ನಾಲ್ಕೂ ದಿಕ್ಕಿನ ಎಲ್ಲೆ ಬರೆಯುವ ಭಾಗಕ್ಕೆ ಚಕ್ಕುಬಂದಿ ಅನ್ನುತ್ತೇವೆ. ಕೆಲವರು ಅದನ್ನು ಚೆಕ್ಕುಬಂದಿ, ಚೆಕ್‌ಬಂದಿ ಅಂತ ಬರೆಯುತ್ತಾರೆ, ಎಲ್ಲೆಯನ್ನು ಚೆಕ್ ಮಾಡುವುದರಿಂದ ಆ ಹೆಸರು ಅಂದುಕೊಂಡು. ಅಲ್ಲಿರುವುದು ಹಿಂದೂಸ್ತಾನಿಯ ಚಕ್, ಅಂದರೆ ಜಮೀನಿನ ಒಂದು ತುಂಡು, ಅದಕ್ಕೆ ಕಟ್ಟು ಅನ್ನುವ ಅರ್ಥದ ಬಂದಿ ಸೇರಿದೆ. ಉತ್ತರ ಪ್ರದೇಶದ ಕಡೆ ಚಕ್‌ಬಂದಿ ಅಂದರೆ ಚದುರಿಹೋದ ತುಂಡು ಜಮೀನುಗಳನ್ನು ಒಟ್ಟುಗೂಡಿಸುವುದು, ನಮ್ಮಲ್ಲಿ ನಾಲ್ಕು ಕಡೆಯ ಎಲ್ಲೆ. ಪತ್ರ ಬರೆಸುವಾಗ ಕಾಗುಣಿತ ಹೇಗಾದರೂ ಇರಲಿ, ನಾಲ್ಕು ದಿಕ್ಕೂ ಸರಿಯಾಗಿದೆಯಾ ಅಂತ ಮಾತ್ರ ರಿಜಿಸ್ಟ್ರೇಷನ್‌ಗೆ ಮೊದಲೇ ಚೆಕ್ ಮಾಡಿಕೊಳ್ಳಿ.